ಬೆಟ್ಟಕ್ಕೆ ಬೆಂಕಿ ಬಿದ್ರೆ ಬಿಸ್ಲಿಗೆ ಬೈದು ಉಪಯೋಗ ಇಲ್ಲೆ

ಮಾರ್ಚ್ ಬಂತು ಅಂದ್ರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಎಂತಾ ಸೆಖೆ ಮಾರಾಯ್ತಿ, ಹವಾಮಾನವೇ ಕೆಟ್ಟೋಯ್ದು, ಬೆಟ್ಟಕ್ಕೆ ಬೆಂಕಿ ಬೀಳದೇ ಇರ್ತಾ?" ಈ ಮಾತು ಅರ್ಧ ಸತ್ಯ. ಸೆಖೆ ಜಾಸ್ತಿ ಆಯ್ದು, ನೆಲ ಬೇಗ ಒಣಗ್ತು, ಖರೆ. ಆದ್ರೆ ಬಿಸಿಲು ಕಡ್ಡಿ ಗೀರ್ತಿಲ್ಲೆ ಅಕ್ಕಾ. ನಮ್ಮ ದೇಶದ ಕಾಡಿಗೆ ಬೀಳ ಬೆಂಕಿ ಹೆಚ್ಚಿನಂಶ ಮನುಷ್ಯರ ಕೈಯಿಂದ್ಲೇ. ಬೀಡಿ ತುಂಡು, ಆರಿಸದೇ ಬಿಟ್ಟ ಒಲೆ, ಹೊಸ ಹುಲ್ಲು ಬರ್ಲಿ ಹೇಳಿ ಬ್ಯಾಣಕ್ಕೆ ಹಚ್ಚಿದ ಕಿಡಿ. ಸೆಖೆ ಮಾಡದು ಎಂತ ಅಂದ್ರೆ, ಅಲ್ಲೇ ಆರಿ ಹೋಗ ಬೆಂಕಿನ ಗುಡ್ಡ ದಾಟಿಸ್ತು.

ಆ ಬೆಂಕಿಗೆ ಉಂಬಲೆ ಬಡಿಸಿದ್ದು ಯಾರು? ಇದ್ನ ಯಾರೂ ಕೇಳ್ತ್ವಿಲ್ಲೆ. ಘಟ್ಟದ ಮೇಲೆ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನಬೆಟ್ಟ ಬ್ರಿಟಿಷರ ಕಾಲದಿಂದ ಇದ್ದು. ಹಿಂದೆ ದರಕು ಗುಡಿಸಿ, ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಹಾಕ್ತಿದ್ದ. ಆ ಗುಡಿಸದೇ ಬೆಟ್ಟದ ಕಾವಲಾಗಿತ್ತು. ಈಗ ಎಷ್ಟೋ ಮನೆಲಿ ದನವೇ ಇಲ್ಲೆ, ಗೊಬ್ಬರ ಚೀಲದಲ್ಲಿ ಬತ್ತು. ದರಕು ಬೆಟ್ಟದಲ್ಲೇ ಬಿದ್ಕಂಡಿರ್ತು.

2019ರ ಫೆಬ್ರವರಿಲಿ ಬಂಡೀಪುರದಲ್ಲಿ 10 ಸಾವಿರ ಎಕರೆಗಿಂತ ಹೆಚ್ಚು ಕಾಡು ಸುಟ್ಟೋತು. ಒಣಗಿದ ಲಂಟಾನ, ಒಣಹುಲ್ಲು, ಗಾಳಿ ಮೂರೂ ಸೇರಿದ್ದೇ ಸೈ, ಕಡೆಗೆ ವಾಯುಪಡೆ ಹೆಲಿಕಾಪ್ಟರೇ ಬಂದು ನೀರು ಸುರಿಯವಾತು. ನಮ್ಮನೆ ಹಿಂದಿನ ಬೆಟ್ಟಕ್ಕೆ ಹೆಲಿಕಾಪ್ಟರ್ ಬತ್ತಿಲ್ಲೆ.

ಹಾಂಗಂತ ಬೆಟ್ಟ ಪೂರ್ತಿ ಗುಡಿಸಿ ಬೋಳು ಮಾಡದು ಬ್ಯಾಡ. ಎಲೆ ಕೊಳೆತ್ರೇ ಮಣ್ಣು, ಮಣ್ಣು ತಂಪಿದ್ರೇ ಬಾವಿಲಿ ನೀರು. ಬೆಟ್ಟದ ಅಂಚು, ದಾರಿಬದಿ, ಮನೆ ಹಿಂದಿನ ಗಡಿ, ಇಷ್ಟಕ್ಕೆ ಹತ್ತಡಿ ಅಗಲ ದರಕು, ಕರಡ ತೆಗೆದು ನೆಲ ಕಾಂಬಂಗೆ ಮಾಡವು, ಅದೂ ಶಿವರಾತ್ರಿ ಒಳಗೆ. ತೆಗೆದಿದ್ದಕ್ಕೆ ಅಲ್ಲೇ ಕಡ್ಡಿ ಗೀರಡಿ. ತೋಟಕ್ಕೆ ಹೊತ್ತು ಹಾಕಿ, ಬೇಸಿಗೆಲಿ ಅಡಿಕೆ ಬುಡ ತಂಪಿರ್ತು.

"ಆಳು ಸಿಗ್ತ್ವಿಲ್ಲೆ" ಹೇಳ್ತ. ಸಮ, ಒಂದು ಮನೆಯವ್ಕೆ ಆಗ ಕೆಲಸ ಅಲ್ಲ. ಬೆಂಕಿ ಬೇಲಿ ನೋಡಿ ನಿಲ್ತಿಲ್ಲೆ, ಹಾಂಗಾಗಿ ಊರೇ ಸೇರವು. ಆದ್ರೆ ಅರಣ್ಯ ಸಮಿತಿ ಸಭೆಲಿ ಮಾತಾಡದು ಗಂಡಸರು, ಹೆಂಗಸರ ಕರೆಯದು ಸಹಿ ಹಾಕಲೆ. ಯಾವ ಮೂಲೆಲಿ ಎಷ್ಟು ದರಕು ಬೀಳ್ತು ಹೇಳದು ಗುಡಿಸಿದವ್ಕೆ ಗೊತ್ತಿರ್ತಾ, ಕುರ್ಚಿಲಿ ಕೂತವ್ಕಾ?

ಅತ್ಗೆ, ಚಿಕ್ಕಮ್ಮ, ತಂಗೀ, ಈ ಸಲ ಸಹಿ ಹಾಕ ಮೊದ್ಲು ಕೇಳಿ: "ಮನೆಗೊಬ್ಬರು ಹೇಳಿ ಬೆಟ್ಟದ ಅಂಚು ಗುಡಿಸಲೆ ಹೋಪದು ಯಾವತ್ತು?" ದಿನ ಗೊತ್ತು ಮಾಡದೇ ಏಳಡಿ. ಆ ದಿನ ಗಂಡಸರ ಕೈಗೂ ಒಂದು ಹಿಡಿ ಕೊಡಿ.