ಬಿಲ್ಲು ಜೋಪಾನ

ಮಕ್ಕಳೇ, ‘ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಬೋರ್ಡನ್ನು ನೀವು ಅಂಗಡಿಗಳಲ್ಲಿ ನೋಡಿರುತ್ತೀರಿ. ನಿಮ್ಮ ಅಜ್ಜ-ಅಜ್ಜಿ ಅದನ್ನು ಓದಿ ಸುಮ್ಮನೆ ಮನೆಗೆ ಬಂದಿರುತ್ತಾರೆ. ದೋಷವಿರುವ ಸಾಮಾನಿಗೆ ಆ ಬೋರ್ಡು ಅಡ್ಡ ಬರುವುದಿಲ್ಲ. ಬಿಲ್ಲಿನಲ್ಲಿ ಬೇರೆ ಅವಧಿ ಬರೆದಿಲ್ಲವೆಂದರೆ, 30 ದಿನದೊಳಗೆ ಅಂಥದ್ದನ್ನು ವಾಪಸು ಪಡೆಯಲು ಒಪ್ಪದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪು. ಬಿಲ್ಲು ಕೊಡದಿರುವುದೂ ತಪ್ಪೇ.

ನಮ್ಮ ಬೀದಿಯಲ್ಲಿ ಹೂ ಮಾರುವ ಅಜ್ಜಿಯೊಬ್ಬರು ವರ್ಷವಿಡೀ ಕೂಡಿಟ್ಟ ದುಡ್ಡಿನಲ್ಲಿ ಮಿಕ್ಸಿ ಕೊಂಡರು. ನಾಲ್ಕನೇ ದಿನ ಮೋಟಾರು ಸುಟ್ಟ ವಾಸನೆ. ಅಂಗಡಿಯವನು ‘ಕಂಪನಿಯವರನ್ನು ಕೇಳಿ’ ಅಂದ. ಎಂಟನೇ ತರಗತಿಯ ಮೊಮ್ಮಗಳು ಬಿಲ್ಲು ಹಿಡಿದು ನನ್ನ ಹತ್ತಿರ ಬಂದಳು. ಇಬ್ಬರೂ ಕೂತು 1915ಕ್ಕೆ ಫೋನ್ ಮಾಡಿದೆವು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬಿಲ್ ನಂಬರು, ತಾರೀಖು ಎಲ್ಲ ಹುಡುಗಿಯೇ ಹೇಳಿದಳು. ಅಜ್ಜಿಗೆ ಹೊಸ ಮಿಕ್ಸಿ ಬಂತು.

ಎಲ್ಲರಿಗೂ ಹೀಗೆ ಸಲೀಸಾಗಿ ಆಗುವುದಿಲ್ಲ. ಸಹಾಯವಾಣಿ ರಾಜಿ ಮಾಡಿಸಬಲ್ಲದು, ಆದೇಶ ಕೊಡಲಾರದು. ಆದೇಶ ಬೇಕೆಂದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಆದರೆ ಎರಡು ವರ್ಷದೊಳಗೆ ಹೋಗಬೇಕು. ತೂಕದಲ್ಲಿ ಮೋಸವಾದರೆ ಕೇಳಲು ಕಾನೂನು ಮಾಪನಶಾಸ್ತ್ರ ಇಲಾಖೆ ಬೇರೆಯೇ ಇದೆ.

ಇನ್ನೊಂದು. ಈಗಿನ ಮೆಷಿನ್ ಬಿಲ್ಲುಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ (ಬ್ಯಾಂಕಿನ ಲೆಡ್ಜರು ಬರೆದವನಿಗೆ ಇದು ತೀರಾ ಸಂಕಟ). ತಂದ ದಿನವೇ ಒಂದು ಜೆರಾಕ್ಸ್ ಮಾಡಿಸಿ, ಇಲ್ಲವೇ ಫೋಟೊ ತೆಗೆದಿಡಿ.