ಎದುರಾಳಿಯ ಋಣ

ವ್ಯಾಪಾರದಲ್ಲಿ ತೊಡಗಿದವನಿಗೆ ಪ್ರತಿಸ್ಪರ್ಧಿಯ ಅವನತಿ ಶುಭವಾರ್ತೆ. ಒಂದೇ ಬೀದಿಯಲ್ಲಿ ಎರಡು ಜವಳಿ ಅಂಗಡಿಗಳಿದ್ದು, ಅವುಗಳಲ್ಲೊಂದು ಬಾಗಿಲು ಮುಚ್ಚಿತೆಂದರೆ, ಅದರ ಗಿರಾಕಿಗಳು ಉಳಿದ ಅಂಗಡಿಯ ಮೆಟ್ಟಲನ್ನು ಹತ್ತದೆ ವಿಧಿಯಿಲ್ಲ. ಕ್ರೀಡೆಯನ್ನು ಉದ್ಯಮವನ್ನಾಗಿ ಮಾಡಿಕೊಂಡವರ ಪ್ರಪಂಚದಲ್ಲಿ ಈ ನ್ಯಾಯ ನಡೆಯುವುದಿಲ್ಲ. ಅಲ್ಲಿ ಜನ ಹಣ ತೆತ್ತು ನೋಡಬಯಸುವುದು ಸೆಣಸನ್ನು. ಸೆಣಸೆಂಬುದೋ ಇಬ್ಬರು ಕೂಡಿದಲ್ಲದೆ ಹುಟ್ಟದು. ಆ ಇಬ್ಬರಲ್ಲಿ ಒಬ್ಬನು ತೀರ ದುರ್ಬಲನಾದರೆ ಪ್ರಬಲನಾದವನ ಆದಾಯವೂ ಅದರೊಡನೆಯೇ ಕ್ಷೀಣಿಸುತ್ತದೆ. ತನ್ನ ಅನ್ನಕ್ಕೆ ಎದುರಾಳಿಯೇ ಅರ್ಧ ಕಾರಣನಾಗಿರುವ ಇಂಥ ಉದ್ಯಮದಲ್ಲಿ ಸಂಪಾದನೆಯ ಹಂಚಿಕೆ ಹೇಗೆ ನಡೆಯಬೇಕು, ಸಮಬಲವನ್ನು ಕಾಪಾಡುವ ಹೊರೆ ಯಾರ ಹೆಗಲಿಗೆ ಬೀಳಬೇಕು ಎಂಬ ಪ್ರಶ್ನೆ, ಕೋಟ್ಯಂತರ ಜನರ ಸಂಜೆಗಳನ್ನೂ ಸಹಸ್ರಾರು ಕೋಟಿ ರೂಪಾಯಿಗಳನ್ನೂ ಆಟಗಳು ಆಕ್ರಮಿಸಿಕೊಂಡಿರುವ ಈ ಕಾಲದಲ್ಲಿ, ಗಂಭೀರವಾದ ವಿಚಾರಕ್ಕೆ ಅರ್ಹವಾದುದು.

ಈ ವೈಚಿತ್ರ್ಯವನ್ನು ಶಾಸ್ತ್ರದ ಭಾಷೆಯಲ್ಲಿ ನಿರೂಪಿಸಿದವರಲ್ಲಿ ವಾಲ್ಟರ್ ನೀಲ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞನು ಪ್ರಮುಖನು. 1964ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಅವನು ಮುಷ್ಟಿಯುದ್ಧದ ಜೋ ಲೂಯಿಸನನ್ನು ನಿದರ್ಶನವಾಗಿ ತೆಗೆದುಕೊಂಡನು. ಲೂಯಿಸನು 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗನಿಗೆ ಸೋತಿದ್ದನು. 1938ರಲ್ಲಿ ಅವರಿಬ್ಬರೂ ನ್ಯೂಯಾರ್ಕಿನ ಯಾಂಕಿ ಕ್ರೀಡಾಂಗಣದಲ್ಲಿ ಪುನಃ ಎದುರಾದಾಗ ಸುಮಾರು ಎಪ್ಪತ್ತು ಸಾವಿರ ಜನ ನೆರೆದರು. ಆ ಕಾಳಗ ಎರಡು ನಿಮಿಷಗಳ ಮೇಲೆ ಕೆಲವು ಕ್ಷಣಗಳಲ್ಲಿ ಮುಗಿದುಹೋಯಿತೆಂಬುದು ಬೇರೆ ಮಾತು. ಜನ ಹಣ ಕೊಟ್ಟು ಬಂದದ್ದು ಅದು ಹೇಗೆ ಮುಗಿದೀತೆಂಬುದು ತಿಳಿಯದೆ ಇದ್ದುದರಿಂದ. ಷ್ಮೆಲಿಂಗನಂಥವನೊಬ್ಬನು ಇಲ್ಲದೆ ಹೋಗಿದ್ದರೆ ಲೂಯಿಸನ ಬಾಹುಬಲ ಎಷ್ಟೇ ಇದ್ದರೂ ಅದಕ್ಕೆ ಬೆಲೆ ಕಟ್ಟುವವರು ಇರುತ್ತಿರಲಿಲ್ಲ. ಎಂದಮೇಲೆ ಲೂಯಿಸನ ಗಳಿಕೆಯಲ್ಲಿ ಒಂದು ಭಾಗವನ್ನು ಷ್ಮೆಲಿಂಗನೇ ದುಡಿದುಕೊಟ್ಟನೆಂದು ಹೇಳಬೇಕಾಗುತ್ತದೆ.

ಆದಕಾರಣ ಆಟದ ಉದ್ಯಮದಲ್ಲಿ ಪ್ರತಿಸ್ಪರ್ಧಿಗಳಾದವರು ಒಂದೆಡೆ ಕುಳಿತು ಒಪ್ಪಂದಗಳನ್ನು ಮಾಡಿಕೊಳ್ಳುವುದು ಅನಿವಾರ್ಯ. ಪಂದ್ಯಗಳ ದಿನಗಳು, ಆಟದ ನಿಯಮಗಳು, ತಂಡಗಳ ಸಂಖ್ಯೆ, ಇವೆಲ್ಲ ಪರಸ್ಪರ ಸಮ್ಮತಿಯಿಂದಲೇ ಆಗಬೇಕು. ಬೇರೆ ಯಾವ ಉದ್ಯಮದಲ್ಲಾದರೂ ಧಣಿಗಳು ಹೀಗೆ ಕೂಡಿಕೊಂಡರೆ ಗ್ರಾಹಕನ ವಿರುದ್ಧ ನಡೆದ ಒಳಸಂಚೆಂದು ಕಾನೂನು ಅದನ್ನು ತಡೆಯುತ್ತಿತ್ತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವಾದರೋ 1922ರಲ್ಲಿ, ಬೇಸ್‌ಬಾಲ್ ಪ್ರದರ್ಶನವು ರಾಜ್ಯ ರಾಜ್ಯಗಳ ನಡುವಣ ವಾಣಿಜ್ಯವೇ ಅಲ್ಲವೆಂದು ಹೇಳಿ, ಏಕಸ್ವಾಮ್ಯ ನಿಷೇಧದ ಶಾಸನದಿಂದ ಆ ಆಟಕ್ಕೆ ವಿನಾಯಿತಿ ನೀಡಿತು. ಸಹಕಾರವು ಅಗತ್ಯವೆಂಬ ಈ ನಿಜವಾದ ಮಾತಿನ ಮರೆಯಲ್ಲಿ ಇನ್ನೊಂದು ಏರ್ಪಾಡು ನೆಲೆಯೂರಿತು. ನನ್ನ ತಕರಾರು ಇರುವುದು ಅದರ ಮೇಲೆ. ಒಂದು ತಂಡಕ್ಕೆ ಒಮ್ಮೆ ಸೇರಿದ ಆಟಗಾರನು ಕರಾರಿನ ಅವಧಿ ಮುಗಿದ ಬಳಿಕವೂ ಆ ತಂಡದ ಸ್ವತ್ತಾಗಿಯೇ ಉಳಿಯತಕ್ಕದ್ದು, ಧಣಿ ಕೊಟ್ಟಷ್ಟನ್ನು ಸ್ವೀಕರಿಸತಕ್ಕದ್ದು, ಧಣಿ ಮಾರಿದಲ್ಲಿಗೆ ಹೋಗತಕ್ಕದ್ದು, ಇಲ್ಲವಾದರೆ ಆಟವನ್ನೇ ಬಿಡತಕ್ಕದ್ದು ಎಂಬ ಕಟ್ಟಳೆ 1879ರಿಂದಲೇ ಅಮೆರಿಕದಲ್ಲಿ ಬೇರುಬಿಟ್ಟಿತ್ತು. ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಇದಕ್ಕೆ ಸೋದರ ನಿಯಮವೊಂದಿದ್ದಿತು. 1901ರಲ್ಲಿ ವಾರಕ್ಕೆ 4 ಪೌಂಡೆಂದು ನಿಗದಿಯಾದ ಪರಮಾವಧಿ ವೇತನವು, ಯುದ್ಧಾನಂತರ ಕ್ರೀಡಾಂಗಣಗಳು ತುಂಬಿ ತುಳುಕುತ್ತಿದ್ದ ದಿನಗಳನ್ನೂ ದಾಟಿ, 1961ರಲ್ಲಿ ಆ ನಿಯಮ ರದ್ದಾಗುವ ವೇಳೆಗೆ 20 ಪೌಂಡುಗಳಿಗೆ ಬಂದು ನಿಂತಿತ್ತು. ಅದು ರದ್ದಾದೊಡನೆಯೇ ಫುಲ್‌ಹ್ಯಾಮ್ ತಂಡದ ಜಾನಿ ಹೇನ್ಸನಿಗೆ ವಾರಕ್ಕೆ 100 ಪೌಂಡು ದೊರೆಯಿತೆಂದಮೇಲೆ, ಅಷ್ಟು ವರ್ಷಗಳ ಕಾಲ ಉಳಿದ ಹಣ ಯಾರ ಜೇಬಿನಲ್ಲಿತ್ತೆಂದು ವಿವರಿಸಬೇಕಾಗಿಲ್ಲ.

ಈ ಬಂಧನಗಳಿಗೆ ಧಣಿಗಳು ಕೊಡುತ್ತಿದ್ದ ಸಮರ್ಥನೆ ಒಂದೇ: ಆಟಗಾರನನ್ನು ಅವನಿಚ್ಛೆಗೆ ಬಿಟ್ಟರೆ ದೊಡ್ಡ ಊರಿನ ಶ್ರೀಮಂತ ತಂಡ ಒಳ್ಳೆಯವರನ್ನೆಲ್ಲ ಸೆಳೆದುಕೊಂಡುಬಿಡುವುದು, ಸೆಣಸು ಸತ್ತುಹೋಗುವುದು, ಆಟವೇ ಅಳಿಯುವುದು. ಕೇಳುವುದಕ್ಕೆ ಇದು ಲೋಕಹಿತದ ಮಾತಿನಂತೆಯೇ ಇದೆ. ಆದರೆ ಈ ಲೋಕಹಿತಕ್ಕೆ ಬೆಲೆ ತೆತ್ತವನ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು.

ಕರ್ಟ್ ಫ್ಲಡ್ ಅಮೆರಿಕದ ಸೇಂಟ್ ಲೂಯಿ ಕಾರ್ಡಿನಲ್ಸ್ ಎಂಬ ಬೇಸ್‌ಬಾಲ್ ತಂಡದಲ್ಲಿ ಹನ್ನೆರಡು ವರ್ಷ ಆಡಿದ ಕಪ್ಪು ಜನಾಂಗದ ಆಟಗಾರ. ಕ್ಷೇತ್ರರಕ್ಷಣೆಯಲ್ಲಿ ಅವನಿಗೆ ಸಮನಾದವರು ಆ ಕಾಲದಲ್ಲಿ ವಿರಳ. 1969ರ ಅಕ್ಟೋಬರಿನಲ್ಲಿ, ಅವನನ್ನೊಂದು ಮಾತು ಕೇಳದೆ, ತಂಡದವರು ಅವನನ್ನು ಫಿಲಡೆಲ್ಫಿಯಕ್ಕೆ ವಿನಿಮಯ ಮಾಡಿದರು. ಹೊಸ ತಂಡ ಕೊಡಲಿದ್ದ ಸಂಬಳ ವರ್ಷಕ್ಕೆ ಸುಮಾರು ಒಂದು ಲಕ್ಷ ಡಾಲರು. ಅಂದಿನ ದಿನದಲ್ಲಿ ಅದು ಅಪಾರವಾದ ಹಣ. ಅದನ್ನು ಬಿಟ್ಟು, ಆ ವರ್ಷದ ಕ್ರಿಸ್ಮಸ್ಸಿನ ಮುನ್ನಾದಿನ ಅವನು ಬೇಸ್‌ಬಾಲ್ ಆಯುಕ್ತನಾದ ಬೋವಿ ಕೂನ್‌ಗೆ ಪತ್ರ ಬರೆದು, ತಾನು ಕೊಂಡು ಮಾರುವ ಸರಕಲ್ಲವೆಂದೂ ಬೇರೆ ತಂಡಗಳ ಆಹ್ವಾನವನ್ನು ಪರಿಶೀಲಿಸುವ ಹಕ್ಕು ತನಗುಂಟೆಂದೂ ತಿಳಿಸಿದನು. ಮೊಕದ್ದಮೆ ನಡೆಯಿತು. ನಿವೃತ್ತರಾದ ಜಾಕಿ ರಾಬಿನ್ಸನ್ ಮೊದಲಾದವರು ಬಂದು ಅವನ ಪರವಾಗಿ ಸಾಕ್ಷ್ಯ ನುಡಿದರು. ಅಂದು ಆಡುತ್ತಿದ್ದವರಲ್ಲಿ ಒಬ್ಬನಾದರೂ ನ್ಯಾಯಾಲಯದ ಹೊಸ್ತಿಲನ್ನು ತುಳಿಯಲಿಲ್ಲ, ಏಕೆಂದರೆ ಪ್ರತಿಯೊಬ್ಬನ ಅನ್ನವೂ ಧಣಿಯ ಕೈಯಲ್ಲಿತ್ತು. 1972ರಲ್ಲಿ ಸರ್ವೋಚ್ಚ ನ್ಯಾಯಾಲಯ ಐದಕ್ಕೆ ಮೂರು ಮತಗಳಿಂದ ಅವನ ವಿರುದ್ಧ ತೀರ್ಪಿತ್ತಿತು. ತೀರ್ಪನ್ನು ಬರೆದ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಅದರ ಆರಂಭದಲ್ಲಿ ಹಳೆಯ ಕಾಲದ ಪ್ರಖ್ಯಾತ ಆಟಗಾರರ ಹೆಸರುಗಳನ್ನು ಅಕ್ಕರೆಯಿಂದ ಉದ್ದಕ್ಕೆ ಪಟ್ಟಿಮಾಡಿ, 1922ರ ವಿನಾಯಿತಿ ಅಸಂಗತವೆಂದು ಒಪ್ಪಿಕೊಂಡು, ಅದನ್ನು ಸರಿಪಡಿಸುವುದು ಶಾಸನಸಭೆಯ ಕೆಲಸವೆಂದು ಬಿಟ್ಟುಕೊಟ್ಟರು. ಗತಿಸಿದ ಆಟಗಾರರ ಮೇಲೆ ಅಷ್ಟೊಂದು ಪ್ರೀತಿ ಸುರಿಸಿದ ಆ ಬರಹ ಎದುರಿಗೆ ನಿಂತಿದ್ದ ಆಟಗಾರನಿಗೆ ನ್ಯಾಯ ಕೊಡಲಾರದೆ ಹೋದದ್ದನ್ನು ಓದುವಾಗ ಮನಸ್ಸಿಗೆ ನೋವಾಗುತ್ತದೆ. ಫ್ಲಡ್ 1971ರಲ್ಲಿ ವಾಷಿಂಗ್ಟನ್ ತಂಡಕ್ಕೆ ಹದಿಮೂರು ಪಂದ್ಯಗಳನ್ನಾಡಿ ಆಟವನ್ನು ತೊರೆದಿದ್ದನು. ಅವನು ಬಯಸಿದ ಸ್ವಾತಂತ್ರ್ಯ 1975ರ ಡಿಸೆಂಬರಿನಲ್ಲಿ, ಪೀಟರ್ ಸೈಟ್ಜ್ ಎಂಬ ಮಧ್ಯಸ್ಥನ ನಿರ್ಣಯದಿಂದ, ಅವನ ಹಿಂದೆ ಬಂದವರಿಗೆ ಲಭಿಸಿತು. ಮುಂದಿನ ಐದು ವರ್ಷಗಳಲ್ಲಿ ಆಟಗಾರರ ಸರಾಸರಿ ಸಂಬಳ ಸುಮಾರು ಮೂರು ಪಟ್ಟಾಯಿತು.

ಹಾಗಾದರೆ ಧಣಿಗಳು ಹೆದರಿಸಿದಂತೆ ಸೆಣಸು ಸತ್ತಿತೆ? ಸಾಯಲಿಲ್ಲ. ಸಾಯಲಾರದೆಂದು ಸೈಮನ್ ರಾಟನ್‌ಬರ್ಗ್ ಎಂಬ ಅರ್ಥಶಾಸ್ತ್ರಜ್ಞನು 1956ರಷ್ಟು ಹಿಂದೆಯೇ ತರ್ಕಬದ್ಧವಾಗಿ ತೋರಿಸಿದ್ದನು. ಅವನ ವಾದದ ಸಾರ ಹೀಗಿದೆ. ಆಟಗಾರನೊಬ್ಬನು ಯಾವ ಊರಿನಲ್ಲಿ ಹೆಚ್ಚು ಪ್ರೇಕ್ಷಕರನ್ನು ತರಬಲ್ಲನೋ, ಅವನು ಸ್ವತಂತ್ರನಾಗಿದ್ದರೆ ಹೆಚ್ಚಿನ ಸಂಬಳಕ್ಕೆ ತಾನಾಗಿಯೇ ಅಲ್ಲಿಗೆ ಹೋಗುವನು. ಬದ್ಧನಾಗಿದ್ದರೆ ಅವನ ಧಣಿ ಲಾಭಕ್ಕೆ ಅವನನ್ನು ಅಲ್ಲಿಗೇ ಮಾರುವನು. ಎರಡು ಬಗೆಯಲ್ಲಿಯೂ ಅವನು ತಲಪುವ ಸ್ಥಳ ಒಂದೇ. ವ್ಯತ್ಯಾಸವಾಗುವುದು ಹಣ ಯಾರ ಕೈಸೇರುತ್ತದೆಂಬುದರಲ್ಲಿ ಮಾತ್ರ. ಇದಲ್ಲದೆ ಯಾವ ಶ್ರೀಮಂತ ತಂಡವೂ ಎಲ್ಲ ಮಲ್ಲರನ್ನೂ ಕೊಂಡುಕೊಳ್ಳುತ್ತ ಹೋಗುವುದಿಲ್ಲ. ಗೆಲವು ಖಚಿತವಾಗುತ್ತ ಹೋದಂತೆ ಇನ್ನೊಬ್ಬ ಮಲ್ಲನಿಂದ ಬರುವ ಆದಾಯ ಕಡಮೆಯಾಗುತ್ತ ಹೋಗುತ್ತದೆ. ಇತಿಹಾಸವೂ ಈ ವಾದಕ್ಕೆ ಅನುಕೂಲವಾಗಿಯೇ ಇದೆ. ಆಟಗಾರರು ಬದ್ಧರಾಗಿದ್ದ ಕಾಲದಲ್ಲಿ, 1949ರಿಂದ 1953ರವರೆಗೆ, ನ್ಯೂಯಾರ್ಕ್ ಯಾಂಕೀಸ್ ತಂಡ ಎಡೆಬಿಡದೆ ಐದು ವರ್ಷ ಪ್ರಶಸ್ತಿ ಪಡೆಯಿತು. ಅವರು ಬಿಡುಗಡೆ ಹೊಂದಿದ ಮೇಲೆ, 1978ರಿಂದ 1987ರವರೆಗಿನ ಹತ್ತು ವರ್ಷಗಳಲ್ಲಿ, ಹತ್ತು ಬೇರೆ ಬೇರೆ ತಂಡಗಳು ಗೆದ್ದವು.

ನಮ್ಮ ನಾಡಿನ ಅನುಭವವೂ ಇದಕ್ಕೆ ಸಮೀಪದ್ದೇ. ರಣಜಿ ಪಂದ್ಯಾವಳಿಯಲ್ಲಿ ಆಟಗಾರನು ಹೆಚ್ಚುಕಡಮೆ ತನ್ನ ಹುಟ್ಟೂರಿಗೋ ವಾಸದ ಊರಿಗೋ ಬದ್ಧನಾಗಿದ್ದ ಕಾಲವೊಂದಿತ್ತು. ಹಣದ ಆಕರ್ಷಣೆ ಅಲ್ಲಿ ಇಲ್ಲವೆನ್ನುವಷ್ಟು ಅಲ್ಪ. ಹಾಗಿದ್ದೂ 1958–59ರಿಂದ 1972–73ರವರೆಗೆ ಹದಿನೈದು ವರ್ಷ ಸತತವಾಗಿ ಮುಂಬಯಿಯೇ ಗೆದ್ದಿತು. ಆ ಪರಂಪರೆ ಮುರಿದದ್ದು ಯಾರನ್ನೂ ಕಟ್ಟಿಹಾಕಿದ್ದರಿಂದಲ್ಲ. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಇವರನ್ನು ಈ ನೆಲ ಬೆಳೆಸಿದ್ದರಿಂದ. ಮೈಸೂರು ಎಂಬ ಹೆಸರು ಹೋಗಿ ಕರ್ನಾಟಕವೆಂಬ ಹೆಸರಿನಿಂದ ನಮ್ಮ ತಂಡ ಆಡಿದ ಮೊದಲನೆಯ ಋತುವಿನಲ್ಲಿಯೇ, 1974ರಲ್ಲಿ, ಬೆಂಗಳೂರಿನ ಸೆಮಿಫೈನಲಿನಲ್ಲಿ ಮುಂಬಯಿಯನ್ನು ಹಿಮ್ಮೆಟ್ಟಿಸಿ, ಅನಂತರ ರಾಜಸ್ಥಾನವನ್ನು ಸೋಲಿಸಿ ಪ್ರಶಸ್ತಿ ತಂದಿತು. ಆ ಗೆಲವಿಗೆ ಅಷ್ಟು ಬೆಲೆ ಬಂದದ್ದು ಎದುರಿಗಿದ್ದುದು ಮುಂಬಯಿಯಾದ್ದರಿಂದ ಎಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಆಟಗಾರನಿಗೆ ಸ್ವಾತಂತ್ರ್ಯವೊಂದನ್ನು ಕೊಟ್ಟು ಕೈಕಟ್ಟಿ ಕುಳಿತರೆ ಎಲ್ಲವೂ ನೆಟ್ಟಗಾಗುವುದೆಂದು ನಾನು ಹೇಳುವುದಿಲ್ಲ. 1995ರಲ್ಲಿ ಬೆಲ್ಜಿಯಮಿನ ಬೊಸ್ಮನ್ ಎಂಬ ಆಟಗಾರನ ಮೊಕದ್ದಮೆಯಲ್ಲಿ ಯೂರೋಪಿನ ನ್ಯಾಯಾಲಯ ಫುಟ್‌ಬಾಲ್ ಆಟಗಾರರಿಗೆ ಕರಾರು ಮುಗಿದ ಬಳಿಕ ಸ್ವೇಚ್ಛೆಯಾಗಿ ಹೋಗುವ ಹಕ್ಕನ್ನು ಕೊಟ್ಟಿತು; ಅದು ನ್ಯಾಯವೇ. ಆದರೆ ತಂಡಗಳ ಆದಾಯ ಹಂಚಿಕೆಯಾಗದೆ ಹಾಗೆಯೇ ಉಳಿಯಿತು. ಅದೇ ವರ್ಷ ಯೂರೋಪಿನ ಚಾಂಪಿಯನ್ ಆಗಿದ್ದ ಹಾಲೆಂಡಿನ ಆಯಾಕ್ಸ್ ತಂಡದ ತರುವಾಯ, ಐದು ದೊಡ್ಡ ದೇಶಗಳಿಂದಾಚೆಗೆ ಆ ಪ್ರಶಸ್ತಿ ಹೋದದ್ದು ಒಂದೇ ಸಲ, 2004ರಲ್ಲಿ, ಪೋರ್ಚುಗಲಿನ ಪೋರ್ಟೋ ತಂಡಕ್ಕೆ. ಜರ್ಮನಿಯಲ್ಲಿ ಬಯರ್ನ್ ಮ್ಯೂನಿಕ್ 2013ರಿಂದ 2023ರವರೆಗೆ ಹನ್ನೊಂದು ವರ್ಷ ಬೇರೆಯವರಿಗೆ ಎಡೆಗೊಡಲಿಲ್ಲ. ಇದಕ್ಕೆ ಪ್ರತಿಯಾಗಿ ಅಮೆರಿಕದ ಫುಟ್‌ಬಾಲ್ ಸಂಘ ಹಿಡಿದ ದಾರಿಯನ್ನು ನೋಡಬೇಕು. 1961ರಲ್ಲಿ ದೂರದರ್ಶನದ ಹಕ್ಕುಗಳನ್ನು ಒಟ್ಟಾಗಿ ಮಾರಿ ಬಂದ ಹಣವನ್ನು ಸಮನಾಗಿ ಹಂಚಿಕೊಳ್ಳುವ ಏರ್ಪಾಡಾದಾಗ, ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವ ಸ್ಥಿತಿಯಲ್ಲಿದ್ದ ನ್ಯೂಯಾರ್ಕಿನ ಧಣಿಗಳು ಅದಕ್ಕೆ ಒಪ್ಪಿದರು. ಅದರ ಫಲವಾಗಿ, ಸುಮಾರು ಒಂದು ಲಕ್ಷ ಜನರಿರುವ ಗ್ರೀನ್ ಬೇ ಎಂಬ ಪಟ್ಟಣದ ತಂಡ, ಸಾಮಾನ್ಯ ಜನರೇ ಷೇರುದಾರರಾಗಿರುವ ತಂಡ, ನ್ಯೂಯಾರ್ಕಿಗೆ ಸಮನಾಗಿ ಇಂದಿಗೂ ಕಣದಲ್ಲಿ ನಿಂತಿದೆ. ಎದುರಾಳಿಯ ಋಣವನ್ನು ತೀರಿಸಬೇಕಾದವನು ಧಣಿ, ಧಣಿಯ ಆದಾಯದಿಂದ. ಆಟಗಾರನ ಕೂಲಿಯನ್ನು ಕತ್ತರಿಸಿ ತೀರಿಸತಕ್ಕ ಋಣ ಅದಲ್ಲ.

ಈ ಮಾನದಂಡವನ್ನು ಹಿಡಿದು ನಮ್ಮ ಕ್ರಿಕೆಟ್ಟನ್ನು ಅಳೆಯೋಣ. 1983ರಲ್ಲಿ ವಿಶ್ವಕಪ್ಪನ್ನು ಗೆದ್ದುಬಂದ ತಂಡಕ್ಕೆ ಬಹುಮಾನ ಕೊಡಲು ಕ್ರಿಕೆಟ್ ಮಂಡಳಿಯ ಬಳಿ ಹಣವಿರಲಿಲ್ಲ. ದೆಹಲಿಯಲ್ಲಿ ಲತಾ ಮಂಗೇಶ್ಕರ್ ಹಾಡಿ ಹಣ ಕೂಡಿಸಿಕೊಟ್ಟ ಮೇಲೆ ಆಟಗಾರರಿಗೆ ತಲಾ ಒಂದು ಲಕ್ಷ ರೂಪಾಯಿ ದೊರೆಯಿತು. 1995ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ, ಆಕಾಶತರಂಗಗಳು ಸಾರ್ವಜನಿಕರ ಸ್ವತ್ತೆಂದೂ ಅವುಗಳ ಮೇಲೆ ಸರ್ಕಾರಕ್ಕೆ ಏಕಸ್ವಾಮ್ಯವಿಲ್ಲವೆಂದೂ ತೀರ್ಪಿತ್ತ ನಂತರ ಮಂಡಳಿಯ ಭಾಗ್ಯ ಬದಲಾಯಿತು. 2008ರಲ್ಲಿ ಆರಂಭವಾದ ಐಪಿಎಲ್‌ನ ಪ್ರಸಾರದ ಹಕ್ಕು 2023ರಿಂದ 2027ರವರೆಗಿನ ಐದು ವರ್ಷಗಳಿಗೆ 48,390 ಕೋಟಿ ರೂಪಾಯಿಗಳಿಗೆ ಮಾರಾಟವಾಗಿದೆ. ವರ್ಷಕ್ಕೆ 9,600 ಕೋಟಿಗೂ ಮೇಲೆ. ಈ ಹಣದಲ್ಲಿ ತಂಡಗಳಿಗೆ ಪಾಲು ಉಂಟು. ಆ ಮಟ್ಟಿಗೆ ಧಣಿಗಳು ತಮ್ಮೊಳಗಿನ ಋಣವನ್ನು ಸಲ್ಲಿಸುತ್ತಿದ್ದಾರೆ, ಅದು ಪ್ರಶಂಸನೀಯ. ಆಟಗಾರರ ಪಾಲೆಷ್ಟು? 2025ರಲ್ಲಿ ತಂಡವೊಂದು ಆಟಗಾರರಿಗಾಗಿ ವೆಚ್ಚಮಾಡಬಹುದಾಗಿದ್ದ ಮಿತಿ 120 ಕೋಟಿ. ಹತ್ತು ತಂಡಗಳಿಗೆ ಸೇರಿ 1,200 ಕೋಟಿ. ಪಂದ್ಯಶುಲ್ಕ ಮೊದಲಾದುವನ್ನು ಇದಕ್ಕೆ ಕೂಡಿಸಿದರೂ, ಪ್ರಸಾರವೊಂದರ ಹಣದಲ್ಲಿಯೇ ಅದು ಆರನೆಯ ಒಂದು ಪಾಲನ್ನು ಮುಟ್ಟುವುದಿಲ್ಲ; ಟಿಕೆಟ್ಟು ಮತ್ತು ಪ್ರಾಯೋಜಕತ್ವದ ಆದಾಯ ಈ ಲೆಕ್ಕದ ಹೊರಗಿದೆ. ಅಮೆರಿಕದ ಬ್ಯಾಸ್ಕೆಟ್‌ಬಾಲಿನಲ್ಲಿ ಆಟಗಾರರ ಸಂಘ ಮಾತುಕತೆಯಾಡಿ ಪಡೆದುಕೊಂಡಿರುವುದು ಆದಾಯದ ಸುಮಾರು ಅರ್ಧ.

ಐಪಿಎಲ್ ಹರಾಜಿನಲ್ಲಿ ರಿಷಭ್ ಪಂತ್ ಅವರಿಗೆ 27 ಕೋಟಿ ಸಂದಿರುವಾಗ ಆಟಗಾರರಿಗಾಗಿ ಮರುಗುವುದು ಅನುಚಿತವೆಂದು ಕೆಲವರು ಹೇಳಬಹುದು. ಆ ಮೊತ್ತ ನಮ್ಮ ನಿಮ್ಮಂಥವರಿಗೆ ಕಲ್ಪನಾತೀತವೆಂಬುದು ನಿಜ. ಆದರೆ ಆಟಗಾರನಿಗೆ ಸಲ್ಲದೆ ಉಳಿದ ಹಣ ಬಡವರ ಮನೆಗೆ ಹೋಗುವುದಿಲ್ಲ, ಧಣಿಯ ಖಜಾನೆಗೆ ಹೋಗುತ್ತದೆ. ಅಲ್ಲದೆ ಹರಾಜಿನಲ್ಲಿ ಮಿಂಚುವ ಹತ್ತಾರು ಹೆಸರುಗಳ ಹಿಂದೆ ರಣಜಿ ಆಡುವ ನೂರಾರು ತರುಣರಿದ್ದಾರೆ. 2021ರಲ್ಲಿ ಏರಿಸಿದ ಮೇಲೆ ಅವರಿಗೆ ಅನುಭವಕ್ಕೆ ತಕ್ಕಂತೆ ದಿನಕ್ಕೆ 40,000ದಿಂದ 60,000 ರೂಪಾಯಿ ದೊರೆಯುತ್ತದೆ. ನಾಲ್ಕು ದಿನ ಬಿಸಿಲಿನಲ್ಲಿ ನಿಂತ ಹಿರಿಯನಿಗೆ ಹೆಚ್ಚೆಂದರೆ 2.4 ಲಕ್ಷ. ಐಪಿಎಲ್‌ನ ಒಂದು ಸಂಜೆಯ ಪಂದ್ಯಶುಲ್ಕವೇ 7.5 ಲಕ್ಷ. ಆ ಸಂಜೆಯ ಆಟಗಾರನನ್ನು ಸಿದ್ಧಗೊಳಿಸಿದ್ದು ಈ ನಾಲ್ಕು ದಿನಗಳ ಆಟ, ಅಲ್ಲಿ ಅವನಿಗೆ ಎದುರಾಳಿಗಳಾಗಿ ನಿಂತ, ಎಂದೂ ಹೆಸರಾಗದ ಬೌಲರುಗಳು.

ಇನ್ನು ಸ್ವಾತಂತ್ರ್ಯದ ವಿಷಯ. ಹರಾಜಿಗೆ ನಿಂತ ಆಟಗಾರನು ತನ್ನ ತಂಡವನ್ನು ತಾನು ಆರಿಸಿಕೊಳ್ಳಲಾರ. ಬೇರೆ ದೇಶಗಳ ಲೀಗುಗಳಿಗೆ ಹೋಗೋಣವೆಂದರೆ, ಭಾರತದ ಪುರುಷ ಆಟಗಾರರಿಗೆ ನಿವೃತ್ತರಾಗುವ ತನಕ ಮಂಡಳಿಯ ಅನುಮತಿ ದೊರೆಯುವುದಿಲ್ಲ. ಕೊಳ್ಳುವವನು ಒಬ್ಬನೇ ಇರುವ ಸಂತೆಯಲ್ಲಿ ಬೆಲೆ ನ್ಯಾಯವಾಗಿ ನಿಶ್ಚಯವಾದೀತೆಂದು ನಂಬುವುದು ಕಷ್ಟ. ಕರ್ಟ್ ಫ್ಲಡ್ ಸೋತರೂ ಅವನ ಬೆನ್ನಿಗೆ ಆಟಗಾರರ ಸಂಘವೊಂದಿತ್ತು. ಮೊಕದ್ದಮೆಯ ವೆಚ್ಚವನ್ನು ಭರಿಸಿದ್ದೂ, ಮುಂದೆ ಮಧ್ಯಸ್ಥನ ಮುಂದೆ ವಾದಿಸಿ ಗೆದ್ದದ್ದೂ ಆ ಸಂಘವೇ. ನಮ್ಮಲ್ಲಿ 2019ರಲ್ಲಿ ಸ್ಥಾಪಿತವಾಗಿ ಮಂಡಳಿಯ ಮನ್ನಣೆ ಪಡೆದಿರುವ ಸಂಘ ನಿವೃತ್ತರಿಗೆ ಮಾತ್ರ ಸೇರಿದ್ದು. ಇಂದು ಕಣದಲ್ಲಿ ಆಡುತ್ತಿರುವವರ ಪರವಾಗಿ ಮಾತನಾಡಲು ಯಾವ ಸಂಘವೂ ಇಲ್ಲ. ರಣಜಿಯ ಕಿರಿಯ ಆಟಗಾರನಿಂದ ಹಿಡಿದು ಭಾರತ ತಂಡದ ನಾಯಕನವರೆಗೆ ಎಲ್ಲರೂ ಸದಸ್ಯರಾಗಬಹುದಾದ ಸಂಘವೊಂದಕ್ಕೆ ಮಂಡಳಿ ಮನ್ನಣೆ ಕೊಡಬೇಕು, ಪ್ರಸಾರದ ಆದಾಯದಲ್ಲಿ ಆಟಗಾರರ ಪಾಲು ಎಷ್ಟೆಂಬುದನ್ನು ಆ ಸಂಘದೊಡನೆ ಕುಳಿತು ನಿರ್ಧರಿಸಬೇಕು. ಇದಕ್ಕಾಗಿ ಹೊಸ ಶಾಸನವನ್ನು ಕಾಯಬೇಕಾದ ಅಗತ್ಯವಿಲ್ಲ. ಮಂಡಳಿಯ ಸಭೆಯ ಒಂದು ನಿರ್ಣಯ ಸಾಕು.