ಹತ್ತಕ್ಕೆ ಹತ್ತದ ದೀಪ

ದೀಪ ಹತ್ತದಿದ್ದರೆ ಹಿಂದೆ ನೋಡಬೇಕಾಗಿದ್ದುದು ಎರಡೇ: ಬಲ್ಬು ಸುಟ್ಟಿದೆಯೇ, ಫ್ಯೂಸು ಹೋಗಿದೆಯೇ. ಮನೆಯ ಯಜಮಾನನು ಸ್ಟೂಲಿನ ಮೇಲೆ ನಿಂತು, ಬಲ್ಬನ್ನು ಬಿಚ್ಚಿ ಕಿವಿಯ ಬಳಿ ಅಲ್ಲಾಡಿಸಿ ತೀರ್ಪು ಕೊಟ್ಟುಬಿಡುತ್ತಿದ್ದನು. ಈಗ ಬಲ್ಬು ಸರಿಯಾಗಿದೆ, ಫ್ಯೂಸು ಸರಿಯಾಗಿದೆ, ವಿದ್ಯುತ್ತೂ ಇದೆ. ಆದರೂ ದೀಪ ಹತ್ತುವುದಿಲ್ಲ. ಏಕೆಂದು ವಿಚಾರಿಸಿದರೆ, ಕೈಯಲ್ಲಿರುವ ಫೋನು ‘ಉಪಕರಣವು ಸಂಪರ್ಕದಲ್ಲಿಲ್ಲ’ ಎಂಬ ಒಂದೇ ವಾಕ್ಯವನ್ನು ತೋರಿಸಿ ಸುಮ್ಮನಾಗುತ್ತದೆ.

ಮೈಸೂರಿನ ಸರಸ್ವತಿಪುರದಂತಹ ಹಳೆಯ ಬಡಾವಣೆಯಲ್ಲಿ ಒಂದು ಮನೆಯನ್ನು ಓದುಗರು ಊಹಿಸಿಕೊಳ್ಳಬಹುದು. ತಂದೆ ಬ್ಯಾಂಕಿನ ಕೆಲಸದಿಂದ ನಿವೃತ್ತರು. ತಾಯಿಗೆ 74 ವರ್ಷ. ಇಬ್ಬರೇ ಇರುವ ಮನೆ. ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಮೆಟ್ಟಿಲು. ಕಳೆದ ಮಳೆಗಾಲದಲ್ಲಿ ಆ ತಾಯಿ ರಾತ್ರಿ ಎದ್ದು ಬರುವಾಗ ಆ ಮೆಟ್ಟಿಲನ್ನು ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು ಮುಂದಿನ ಭಾನುವಾರವೇ ಒಂದು ಸ್ಮಾರ್ಟ್ ಪ್ಲಗ್ಗನ್ನು ತಂದು, ಮೆಟ್ಟಿಲ ಬಳಿಯ ಸಾಕೆಟ್ಟಿಗೆ ಸಿಕ್ಕಿಸಿ, ಅದಕ್ಕೊಂದು ಮೇಜುದೀಪವನ್ನು ಜೋಡಿಸಿ, ರಾತ್ರಿ ಹತ್ತಕ್ಕೆ ಹತ್ತಬೇಕು, ಬೆಳಿಗ್ಗೆ ಆರಕ್ಕೆ ಆರಬೇಕು ಎಂದು ಕಟ್ಟಳೆ ಮಾಡಿ ಹೋದನು.

ಎಂಟು ತಿಂಗಳು ಆ ದೀಪ ಒಂದು ದಿನವೂ ತಪ್ಪಲಿಲ್ಲ. ಒಂದು ಮಂಗಳವಾರ ಮಧ್ಯಾಹ್ನ ಅಂತರ್ಜಾಲ ಒದಗಿಸುವ ಕಂಪೆನಿಯ ಹುಡುಗನು ಬಂದು, ಹಳೆಯ ರೂಟರನ್ನು ಬಿಚ್ಚಿಕೊಂಡು ಹೊಸದೊಂದನ್ನು ಇಟ್ಟು ಹೋದನು. ಆ ರಾತ್ರಿ ದೀಪ ಹತ್ತಿತು. ಬುಧವಾರವೂ ಹತ್ತಿತು. ಗುರುವಾರ ಸಂಜೆ ಇಪ್ಪತ್ತು ನಿಮಿಷ ಕರೆಂಟು ಹೋಗಿ ಬಂದಿತು. ಆ ರಾತ್ರಿ ದೀಪ ಹತ್ತಲಿಲ್ಲ. ತಾಯಿ ಗೋಡೆಯನ್ನು ತಡವಿಕೊಂಡು ಹೋಗಿ ಬಂದರು. ಬೆಳಿಗ್ಗೆ ವಿಷಯ ತಿಳಿದ ಮಗನ ಧ್ವನಿಯೇ ಬದಲಾಯಿತು.

“ಅಪ್ಪಾ, ಅಮ್ಮ ಬೀಳಲಿಲ್ಲ ತಾನೇ? ಒಂದು ಸಲ ರೂಟರನ್ನು ಆರಿಸಿ ಹಾಕಿ ನೋಡಿ.”

“ಬೆಳಿಗ್ಗೆಯಿಂದ ಏಳು ಸಲ ಆರಿಸಿ ಹಾಕಿದ್ದೇನೆ ಕಣಪ್ಪ. ನಿಮ್ಮಮ್ಮ, ಹಾಳು ಯಂತ್ರ ಬೇಡ, ಒಂದು ಬುಡ್ಡಿದೀಪ ಇಟ್ಟುಬಿಡಿ ಅನ್ನುತ್ತಿದ್ದಾಳೆ.”

ಕರೆಂಟು ಹೋಗಿ ಬಂದಾಗ ಪ್ಲಗ್ಗು ಕೆಟ್ಟಿತೆಂದೇ ಮನೆಯವರೆಲ್ಲರೂ ನಂಬಿದ್ದರು. ಹಾಗೆ ನಂಬುವುದು ಸಹಜವೇ. ಆದರೆ ಪ್ಲಗ್ಗು ಕೆಟ್ಟಿರಲಿಲ್ಲ. ಅದಕ್ಕೆ ಪರೀಕ್ಷೆ ಬಹಳ ಸುಲಭ: ಇಂತಹ ಪ್ಲಗ್ಗುಗಳ ಪಕ್ಕದಲ್ಲಿ ಸಾಮಾನ್ಯವಾಗಿ ಒಂದು ಚಿಕ್ಕ ಗುಂಡಿ ಇರುತ್ತದೆ, ಅದನ್ನು ಒಮ್ಮೆ ಒತ್ತಿದರೆ ವೈಫೈ ಇರಲಿ ಬಿಡಲಿ ದೀಪ ಹತ್ತಬೇಕು. ಹತ್ತಿದರೆ ವಿದ್ಯುತ್ತಿನ ಭಾಗವೆಲ್ಲ ಸರಿಯಾಗಿದೆ, ದೋಷವಿರುವುದು ಸಂಪರ್ಕದಲ್ಲಿ ಎಂದು ಅರ್ಥ. ಆ ಒಂದು ಗುಂಡಿಯ ಸಂಗತಿ ತಾಯಿಗೆ ಮೊದಲೇ ತಿಳಿದಿದ್ದರೆ ಗುರುವಾರ ರಾತ್ರಿ ಗೋಡೆ ತಡವಬೇಕಾಗಿರಲಿಲ್ಲ. ಯಂತ್ರವನ್ನು ತಂದು ಕೂಡಿಸುವ ಮಕ್ಕಳು ಅದನ್ನು ತಮ್ಮ ಫೋನಿನಿಂದ ಆಳುವುದನ್ನು ಕಲಿಯುತ್ತಾರೆ. ಆ ಯಂತ್ರದೊಡನೆ ಬಾಳುವವರಿಗೆ ಗುಂಡಿಯನ್ನು ತೋರಿಸುವುದನ್ನು ಮರೆಯುತ್ತಾರೆ.

ಹಾಗಾದರೆ ಮಂಗಳವಾರ, ಬುಧವಾರ ಹತ್ತಿದ ದೀಪ ಗುರುವಾರ ಏಕೆ ಹತ್ತಲಿಲ್ಲ? ಇದರ ಗುಟ್ಟು ಸ್ವಾರಸ್ಯವಾಗಿದೆ. ಅನೇಕ ಪ್ಲಗ್ಗುಗಳು ‘ಹತ್ತಕ್ಕೆ ಹತ್ತು’ ಎಂಬ ಆಜ್ಞೆಯನ್ನು ತಮ್ಮೊಳಗೇ ಬರೆದಿಟ್ಟುಕೊಂಡಿರುತ್ತವೆ. ಆದರೆ ಅಗ್ಗದ ಪ್ಲಗ್ಗಿನೊಳಗೆ ಬ್ಯಾಟರಿಯಿಂದ ನಡೆಯುವ ಗಡಿಯಾರ ಸಾಮಾನ್ಯವಾಗಿ ಇರುವುದಿಲ್ಲ. ಅದು ಅಂತರ್ಜಾಲದಿಂದ ಸಮಯವನ್ನು ಕೇಳಿ ತಿಳಿದು, ವಿದ್ಯುತ್ತು ಇರುವವರೆಗೆ ಎಣಿಸಿಕೊಂಡು ಹೋಗುತ್ತದೆ. ಮಂಗಳವಾರ ರೂಟರು ಬದಲಾದೊಡನೆಯೇ ಅದರ ಸಂಪರ್ಕ ಕಡಿದಿತ್ತು. ಆದರೂ ಎಣಿಕೆ ನಿಂತಿರಲಿಲ್ಲವಾದುದರಿಂದ ಎರಡು ರಾತ್ರಿ ಅದು ತನ್ನ ಕರ್ತವ್ಯವನ್ನು ಮಾಡಿತು. ಗುರುವಾರ ವಿದ್ಯುತ್ತು ಹೋದಾಗ ಎಣಿಕೆ ಅಳಿಸಿಹೋಯಿತು. ಮರಳಿ ಎದ್ದಾಗ ಗಂಟೆ ಎಷ್ಟೆಂದು ಕೇಳಲು ಅದಕ್ಕೆ ಯಾರೂ ಇರಲಿಲ್ಲ. ಹತ್ತು ಯಾವಾಗ ಹೊಡೆಯಿತೆಂದು ತಿಳಿಯದವನು ಹತ್ತಕ್ಕೆ ದೀಪ ಹಚ್ಚುವುದೆಂತು? (ಕೆಲವು ಉಪಕರಣಗಳಲ್ಲಿ ಈ ಆಜ್ಞೆ ಕಂಪೆನಿಯ ದೂರದ ಗಣಕದಲ್ಲಿಯೇ ಇರುತ್ತದೆ. ಅಂಥವು ಸಂಪರ್ಕ ಕಡಿದ ದಿನವೇ ಕೈಬಿಡುತ್ತವೆ.)

ಆದುದರಿಂದ ಇಂತಹ ತೊಂದರೆಯಲ್ಲಿ ‘ನಿನ್ನೆ ಏನಾಯಿತು?’ ಎಂಬುದಕ್ಕಿಂತ ‘ಈ ವಾರದಲ್ಲಿ ಏನು ಬದಲಾಯಿತು?’ ಎಂದು ಕೇಳಿಕೊಳ್ಳುವುದು ಮೇಲು. ಪ್ಲಗ್ಗಿಗೆ ಹಳೆಯ ವೈಫೈಯ ಹೆಸರು ಮತ್ತು ಪಾಸ್‌ವರ್ಡು ಮಾತ್ರ ಗೊತ್ತು. ಮನೆ ಬದಲಿಸಿದ ನೆಂಟರನ್ನು ಹಳೆಯ ವಿಳಾಸದಲ್ಲಿ ಹುಡುಕುವ ಮುದುಕನಂತೆ ಅದು ಇಲ್ಲದ ಹೆಸರನ್ನು ಕೂಗುತ್ತಲೇ ಇರುತ್ತದೆ. ಏಳು ಸಲವಲ್ಲ, ಎಪ್ಪತ್ತು ಸಲ ಆರಿಸಿ ಹಾಕಿದರೂ ಹೊಸ ಹೆಸರು ಅದಕ್ಕೆ ತಾನಾಗಿ ತಿಳಿಯದು.

ಇಲ್ಲಿ ಎಲ್ಲಕ್ಕಿಂತ ಸುಲಭವಾದ ಪರಿಹಾರವೊಂದುಂಟು. ಹೊಸ ರೂಟರಿಗೆ ಹಳೆಯ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಅಕ್ಷರಕ್ಕೆ ಅಕ್ಷರ, ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೂ ತಪ್ಪದಂತೆ ಕೊಟ್ಟುಬಿಟ್ಟರೆ, ಮನೆಯ ಪ್ಲಗ್ಗು, ಬಲ್ಬು, ಕ್ಯಾಮೆರಾಗಳು ಸಾಮಾನ್ಯವಾಗಿ ಏನೂ ಆಗಲಿಲ್ಲವೆಂಬಂತೆ ಬಂದು ಸೇರಿಕೊಳ್ಳುತ್ತವೆ. ರೂಟರು ಇಡಲು ಬಂದ ಹುಡುಗನಿಗೆ ಆಗಲೇ ಒಂದು ಮಾತು ಹೇಳಿದರೆ ಎರಡು ನಿಮಿಷದ ಕೆಲಸ. ಆದರೆ ಆ ಮನೆಯಲ್ಲಿ ಹಳೆಯ ಪಾಸ್‌ವರ್ಡು ರೂಟರಿನ ತಳದ ಚೀಟಿಯಲ್ಲಿತ್ತು; ಚೀಟಿ ರೂಟರಿನೊಡನೆಯೇ ಹೊರಟುಹೋಗಿತ್ತು.

ಉಳಿದುದು ಪ್ಲಗ್ಗಿಗೆ ಹೊಸ ಹೆಸರನ್ನು ಕಲಿಸುವ ದಾರಿ. ತಂದೆಯವರು ಮಗನು ಫೋನಿನಲ್ಲಿ ಹೇಳಿದಂತೆ ಗುಂಡಿಯನ್ನು ಐದಾರು ಸೆಕೆಂಡು ಒತ್ತಿ ಹಿಡಿದರು. ಪ್ಲಗ್ಗಿನ ಪುಟ್ಟ ದೀಪ ಬೇಗ ಬೇಗ ಮಿಣುಕತೊಡಗಿತು. ಕಲಿಯಲು ಸಿದ್ಧನಿದ್ದೇನೆಂಬುದಕ್ಕೆ ಸಾಮಾನ್ಯವಾಗಿ ಅದೇ ಸಂಕೇತ. ಬಳಿಕ ಫೋನಿನಲ್ಲಿ ವೈಫೈಯ ಹೆಸರನ್ನು ಆರಿಸಿ, ಪಾಸ್‌ವರ್ಡು ಒತ್ತಿದರು. ಚಕ್ರ ತಿರುಗಿತು, ನೂರರಲ್ಲಿ ಅರವತ್ತರವರೆಗೆ ಹೋಯಿತು, ನಿಂತಿತು, ಸೋತೆನೆಂದಿತು. ಶುಕ್ರವಾರ ಮಧ್ಯಾಹ್ನವೆಲ್ಲ ಹೀಗೆಯೇ ಕಳೆಯಿತು.

ತಪ್ಪು ಒಂದು ಅಂಕೆಯಲ್ಲಿತ್ತು. ಹೊಸ ರೂಟರು ಎರಡು ಹೆಸರುಗಳನ್ನು ಸಾರುತ್ತಿತ್ತು. ಎರಡನೆಯದರ ಬಾಲದಲ್ಲಿ ‘5ಜಿ’ ಎಂದಿತ್ತು. ತಂದೆಯವರ ಮೊಬೈಲು ಈಚೆಗಷ್ಟೇ 5ಜಿ ಸೇವೆಗೆ ಬದಲಾಗಿತ್ತು. ಹೊಸದೇ ಉತ್ತಮವೆಂದು ಅವರು ಇಲ್ಲಿಯೂ ಅದನ್ನೇ ಆರಿಸಿದ್ದರು. ಆದರೆ ಮೊಬೈಲಿನ 5ಜಿ ಎಂದರೆ ಐದನೆಯ ತಲೆಮಾರು. ರೂಟರಿನ 5ಜಿ ಎಂದರೆ ಐದು ಗಿಗಾಹರ್ಟ್ಸ್, ಸೆಕೆಂಡಿಗೆ 500 ಕೋಟಿ ಕಂಪನಗಳ ಅಲೆ. ಹೆಸರು ಒಂದೇ, ನಂಟು ಇಲ್ಲ. ಇಂದಿಗೂ ಬಹುಪಾಲು ಸ್ಮಾರ್ಟ್ ಪ್ಲಗ್ಗು, ಬಲ್ಬುಗಳೊಳಗಿನ ರೇಡಿಯೋಗೆ ಕೇಳಿಸುವುದು 2.4 ಗಿಗಾಹರ್ಟ್ಸಿನ, ಎಂದರೆ 240 ಕೋಟಿ ಕಂಪನಗಳ ಅಲೆ ಮಾತ್ರ. ಶಾಂಘೈನ ಎಸ್‌ಪ್ರೆಸಿಫ್ ಸಂಸ್ಥೆ 2014ರಲ್ಲಿ ಹೊರತಂದ ಇಎಸ್‌ಪಿ8266 ಎಂಬ ಅಗ್ಗದ ಚಿಪ್ಪು ಇಂತಹ ಉಪಕರಣಗಳನ್ನು ಮನೆಮನೆಗೆ ತಂದುದರಲ್ಲಿ ದೊಡ್ಡ ಪಾಲು ಪಡೆದಿದೆ. ಅದಕ್ಕೂ ಈ ಒಂದೇ ಕಿವಿ. ಇದನ್ನು ಕೊರತೆಯೆಂದು ಹಳಿಯಬೇಕಾಗಿಲ್ಲ. ದೀಪ ಹತ್ತಿಸಲು ವೇಗ ಬೇಡ, ದೂರ ಬೇಕು, 2.4ರ ಅಲೆ ಸುಮಾರು 12.5 ಸೆಂಟಿಮೀಟರು ಉದ್ದವಾಗಿದ್ದು, ಅದರ ಅರ್ಧದಷ್ಟೂ ಇಲ್ಲದ 5ರ ಅಲೆಗಿಂತ ಗೋಡೆಗಳನ್ನು ಚೆನ್ನಾಗಿ ದಾಟುತ್ತದೆ.

ಎರಡಕ್ಕೂ ಒಂದೇ ಹೆಸರಿಟ್ಟಿರುವ ರೂಟರುಗಳೂ ಉಂಟು. ಅಂತಹ ಕಡೆ ಜೋಡಣೆ ಸೋಲುತ್ತಿದ್ದರೆ ರೂಟರಿನ ಪುಟದಲ್ಲಿ 5ನ್ನು ಹತ್ತು ನಿಮಿಷ ಆರಿಸಿಟ್ಟು, ಪ್ಲಗ್ಗು ಸೇರಿಕೊಂಡ ಮೇಲೆ ಮರಳಿ ಹಾಕಬಹುದು. ರಕ್ಷಣೆಯ ವಿಧಾನವನ್ನೂ ಅಲ್ಲಿಯೇ ನೋಡಬೇಕು: 2018ರಲ್ಲಿ ಬಂದ ಡಬ್ಲ್ಯುಪಿಎ3 ಒಂದನ್ನೇ ಇಟ್ಟಿದ್ದರೆ ಹಳೆಯ ಉಪಕರಣಗಳಿಗೆ ಬಾಗಿಲು ತೆರೆಯುವುದಿಲ್ಲ, ಡಬ್ಲ್ಯುಪಿಎ2 ಕೂಡ ಸೇರಿರುವ ಮಿಶ್ರ ವಿಧಾನ ಬೇಕು. ಜೋಡಣೆಯ ಹೊತ್ತಿನಲ್ಲಿ ಫೋನೂ ಒಂದು ಕಿತಾಪತಿ ಮಾಡುವುದುಂಟು. ಅನೇಕ ಪ್ಲಗ್ಗುಗಳು ಆಗ ತಾವೇ ಒಂದು ತಾತ್ಕಾಲಿಕ ವೈಫೈಯನ್ನು ಹರಡುತ್ತವೆ. ಅದರಲ್ಲಿ ಅಂತರ್ಜಾಲವಿಲ್ಲವೆಂದು ಕಂಡ ಫೋನು, ಯಜಮಾನನಿಗೆ ಉಪಕಾರ ಮಾಡುವವನಂತೆ, ಮೊಬೈಲ್ ಡೇಟಾಕ್ಕೆ ಹಾರಿಬಿಡುತ್ತದೆ. ಆದಕಾರಣ ಅಷ್ಟು ಹೊತ್ತು ಮೊಬೈಲ್ ಡೇಟಾವನ್ನು ಆರಿಸಿ, ಸ್ಥಳದ ಅನುಮತಿಯನ್ನು ಕೊಟ್ಟಿರತಕ್ಕದ್ದು.

ಶುಕ್ರವಾರ ಸಂಜೆ ಆರು ಗಂಟೆಗೆ ತಂದೆಯವರು ಬಾಲವಿಲ್ಲದ ಹೆಸರನ್ನು ಆರಿಸಿದರು. ಅರ್ಧ ನಿಮಿಷದಲ್ಲಿ ಪ್ಲಗ್ಗು ಸೇರಿಕೊಂಡಿತು. ಆದರೆ ಒಂದು ಗಂಟೆಯ ಬಳಿಕ ಮತ್ತೆ ಕಾಣೆಯಾಯಿತು!

ಈ ಬಾರಿ ಕಾರಣ ಬೇರೆ. ಕಂಪೆನಿಯ ಹುಡುಗನು ಹೊಸ ರೂಟರನ್ನು ಮೂಲೆಯ ಕೋಣೆಯ ಉಕ್ಕಿನ ಬೀರುವಿನ ಹಿಂದೆ, ತಂತಿ ಕಾಣದಂತೆ ಅಂದವಾಗಿ ಇಟ್ಟುಹೋಗಿದ್ದನು. ಲೋಹವು ಈ ಅಲೆಗಳನ್ನು ಹಿಂದಕ್ಕೆ ಎಸೆಯುತ್ತದೆ, ನೀರು ಹೀರಿಕೊಳ್ಳುತ್ತದೆ, ಹಳೆಯ ಮನೆಗಳ ದಪ್ಪ ಗೋಡೆ ತನ್ನ ಪಾಲನ್ನು ತಿನ್ನುತ್ತದೆ. ಪ್ಲಗ್ಗಿನ ಆ್ಯಪ್‌ನಲ್ಲಿ ಅಲೆಯ ಬಲವನ್ನು ಋಣ ಸಂಖ್ಯೆಯಲ್ಲಿ ತೋರಿಸುವುದುಂಟು. ‑50 ಎಂದರೆ ಬಲು ಚೆನ್ನು, ‑80 ಎಂದರೆ ನೂಲಿನ ಮೇಲೆ ನಡಿಗೆ. ಪ್ರತಿ ಮೂರು ಅಂಕಕ್ಕೆ ಬಲ ಅರ್ಧವಾಗುತ್ತದೆ. ರೂಟರನ್ನು ಬೀರುವಿನ ಹಿಂದಿನಿಂದ ಹಜಾರದ ಪುಸ್ತಕದ ಗೂಡಿಗೆ ತಂದಿಟ್ಟಾಗ ‑82 ಇದ್ದುದು ‑61 ಆಯಿತು. ಅಂದ ಕೆಟ್ಟಿತೆಂದು ತಾಯಿ ಮುಖ ಸಿಂಡರಿಸಿದರು, ಅದಕ್ಕೆ ಉಪಾಯವಿಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಗೋಡೆಗಿಂತ ನೆರೆಹೊರೆಯೇ ಹೆಚ್ಚಿನ ಅಡ್ಡಿ. ಅಂಚೆ ಕಛೇರಿಯಲ್ಲಿ ಹಣ ಕಟ್ಟಿ ರೇಡಿಯೋ ಲೈಸೆನ್ಸು ಪಡೆಯುತ್ತಿದ್ದ ಕಾಲವನ್ನು ಹಿರಿಯ ಓದುಗರು ಬಲ್ಲರು. ಈ 2.4ರ ಪಟ್ಟಿಗೆ ಅಂತಹ ಕಟ್ಟುಪಾಡಿಲ್ಲ. ಅಮೆರಿಕದಲ್ಲಿ 1985ರಲ್ಲಿ, ಭಾರತದಲ್ಲಿ 2005ರಲ್ಲಿ ಅಲ್ಪಶಕ್ತಿಯ ಉಪಕರಣಗಳಿಗೆ ಲೈಸೆನ್ಸಿಲ್ಲದೆ ಬಿಟ್ಟುಕೊಟ್ಟ ಗೋಮಾಳ ಅದು. ನೆರೆಮನೆಯ ರೂಟರು, ಬ್ಲೂಟೂತು, ಅಡಿಗೆಮನೆಯ ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲಿಯೇ ಮೇಯುತ್ತವೆ. ಹಾಲು ಬಿಸಿ ಮಾಡುವಾಗಲೆಲ್ಲ ಕ್ಯಾಮೆರಾ ಮಸುಕಾಗುವ ಮನೆಯವರು ಒಲೆಯಿಂದ ರೂಟರನ್ನು ದೂರವಿಡಬೇಕು. ಚಾನೆಲ್ಲುಗಳಲ್ಲಿ 1, 6, 11 ಇವು ಒಂದರ ಮೇಲೊಂದು ಬೀಳುವುದಿಲ್ಲ. ನೆರೆಯವರು ಯಾವುದನ್ನು ಕಡಿಮೆ ಬಳಸುತ್ತಿರುವರೋ ಅದನ್ನು ಆರಿಸಿದರೆ ಸಾಕು.

ಕರೆಂಟಿನ ಮಾತು ಉಳಿಯಿತು. ವಿದ್ಯುತ್ತು ಮರಳಿದಾಗ ಪ್ಲಗ್ಗು ಕೆಲವೇ ಸೆಕೆಂಡುಗಳಲ್ಲಿ ಏಳುತ್ತದೆ. ರೂಟರಿಗೆ ಒಂದೆರಡು ನಿಮಿಷ ಬೇಕು. ಹೆಚ್ಚಿನ ಪ್ಲಗ್ಗುಗಳು ಕಾಯುತ್ತವೆ; ತಾಳ್ಮೆಗೆಟ್ಟು ಕೈಬಿಡುವವೂ ಇವೆ. ರೂಟರನ್ನು ಇನ್ವರ್ಟರಿನ ಸಾಲಿಗೆ ಸೇರಿಸಿದರೆ ಈ ಕಷ್ಟವಿಲ್ಲ. ಇನ್ನೊಂದು ವಿಚಿತ್ರವನ್ನೂ ತಿಳಿದಿರಬೇಕು: ಅನೇಕ ಸ್ಮಾರ್ಟ್ ಬಲ್ಬುಗಳನ್ನು ಹಳೆಯದೆಲ್ಲ ಮರೆಯುವಂತೆ ಮಾಡುವ ವಿಧಾನವೆಂದರೆ ಸ್ವಿಚ್ಚನ್ನು ಮೂರರಿಂದ ಐದು ಬಾರಿ ಬೇಗ ಬೇಗ ಹಾಕಿ ಆರಿಸುವುದು. ಮಳೆಗಾಲದ ಸಂಜೆ ಕರೆಂಟು ಮಿಣಮಿಣ ಮಾಡುವ ಊರುಗಳಲ್ಲಿ ಆ ಕೆಲಸವನ್ನು ಮಳೆಯೇ ಮಾಡಿಬಿಡಬಹುದು.

ಶುಕ್ರವಾರ ರಾತ್ರಿ ಹತ್ತಕ್ಕೆ ಐದು ನಿಮಿಷವಿರುವಾಗಲೇ ತಂದೆಯವರು ಕುರ್ಚಿ ಹಾಕಿಕೊಂಡು ಮೆಟ್ಟಿಲ ಬಳಿ ಕುಳಿತರು. ಹತ್ತಕ್ಕೆ ಸರಿಯಾಗಿ ದೀಪ ಹತ್ತಿತು. “ಹತ್ತಿತು ಕಣೋ” ಎಂದು ಮಗನಿಗೆ ಫೋನು ಮಾಡಿದರು. ಭಾನುವಾರ ಬಂದ ಮಗನು, ಕತ್ತಲಾದೊಡನೆ ತಾನೇ ಬೆಳಗುವ, ವೈಫೈಯ ಗೊಡವೆಯಿಲ್ಲದ ಪುಟ್ಟ ದೀಪವೊಂದನ್ನೂ ಆ ಮೆಟ್ಟಿಲ ಬಳಿಯೇ ಸಿಕ್ಕಿಸಿದನು. ಪ್ಲಗ್ಗಿನ ಗುಂಡಿಯನ್ನು ತಾಯಿಯ ಕೈಯಿಂದಲೇ ಎರಡು ಬಾರಿ ಒತ್ತಿಸಿದನು. ತಂದೆಯವರು ಹೊಸ ವೈಫೈಯ ಹೆಸರನ್ನೂ ಪಾಸ್‌ವರ್ಡನ್ನೂ ದಪ್ಪಕ್ಷರಗಳಲ್ಲಿ ಬರೆದು, ಬೀರುವಿನ ಬಾಗಿಲ ಒಳಮೈಯಲ್ಲಿ, ಗ್ಯಾಸ್ ಬುಕಿಂಗಿನ ನಂಬರಿನ ಕೆಳಗೆ ಅಂಟಿಸಿದರು.